ಹಿಂದಿನ ಸೀಟಿನ ವಾಡಿಕೆ

ನಮ್ಮ ಊರಿನಲ್ಲಿ ಹಳೆಯ ಕಾರು ಕೊಳ್ಳಲು ಹೋದವರು ಎಂಜಿನ್ ನೋಡುವ ಮೊದಲು ವಾಡಿಕೆ ಕೇಳುತ್ತಾರೆ. ಎಲ್ಲಿ ತಿರುಗುತ್ತದೆ, ಯಾರ ಮನೆಯ ಮುಂದೆ ನಿಲ್ಲುತ್ತದೆ, ನಿಂತರೆ ಎಷ್ಟು ಹೊತ್ತಿಗೆ ಹೊರಡುತ್ತದೆ. ಹಳೆಯ ಒಡೆಯ ವರ್ಷಗಟ್ಟಲೆ ಹೋಗುತ್ತಿದ್ದ ಕಡೆಗೆ ಗಾಡಿ ಆಮೇಲೂ ಹೋಗುತ್ತದೆ. ಹೊಸಬರು ಸ್ಟೀರಿಂಗ್ ಹಿಡಿದು ಎಳೆದಾಡಿದರೆ ಆಕ್ಸಲ್ ಮುರಿದೀತೇ ಹೊರತು ಅದು ತನ್ನ ದಾರಿ ಬಿಡುವುದಿಲ್ಲ. ಡಾಕ್ಟರೊಬ್ಬರ ಕಾರನ್ನು ಕೊಂಡ ತರಕಾರಿಯವನೊಬ್ಬ ಅವರ ರೋಗಿಗಳ ಮನೆಗಳ ಮುಂದೆಯೇ ನಿಂತು ನಿಂತು ವ್ಯಾಪಾರ ಕುದುರಿಸಿಕೊಂಡ. ಆ ಬೀದಿಗಳ ಜನ ಈಗಲೂ ಸೊಪ್ಪು ಆರಿಸುತ್ತಾ ಅವನಿಗೆ ಮಂಡಿನೋವಿನ ಕಥೆ ಹೇಳುತ್ತಾರೆ. ಮನೆಯ ಮುಂದೆ ಗುರುತಿಲ್ಲದ ಗಾಡಿ ಬಂದು ನಿಂತರೆ ನಮ್ಮಲ್ಲಿ ಯಾರೂ ಹುಬ್ಬುಗಂಟಿಕ್ಕುವುದಿಲ್ಲ. ಒಳಗಿದ್ದವರನ್ನು ಜಗಲಿಗೆ ಕರೆದು ಒಂದು ಲೋಟ ನೀರು ಕೊಡುತ್ತಾರೆ, ಗಾಡಿ ಗುರುಗುಟ್ಟಿದ ಮೇಲೆ ಕಳಿಸಿಕೊಡುತ್ತಾರೆ.

ವಾಡಿಕೆ ಕಡಿಮೆಯಿದ್ದಷ್ಟೂ ಬೆಲೆ ಹೆಚ್ಚು. ಏನೂ ವಾಡಿಕೆಯಿಲ್ಲದ ಹೊಸ ಕಾರನ್ನು ಕೊಳ್ಳುವವರು ಊರಿನಲ್ಲಿ ಬೆರಳೆಣಿಕೆಯಷ್ಟು. ನಮ್ಮಂಥವರು ಯಾವ ವಾಡಿಕೆಯ ಜೊತೆಗೆ ಬಾಳಬಹುದು ಎಂದು ಲೆಕ್ಕ ಹಾಕಿ ಕೊಳ್ಳಬೇಕು.

ನನಗೆ ಕಾರು ಬೇಕಾದದ್ದು ನನ್ನ ಗಂಡ ಚಿದಂಬರನಿಗಾಗಿ. ಅವನು ನದಿಯ ಪಂಪ್‌ಹೌಸಿನಲ್ಲಿ ಕೆಲಸದಲ್ಲಿದ್ದ. ಊರಿನ ಯಾವ ಬೀದಿಗೆ ಯಾವಾಗ ನೀರು ಬಿಡಬೇಕು ಎನ್ನುವುದು ಇಪ್ಪತ್ತು ವರ್ಷ ಅವನ ಕೈಯಲ್ಲಿತ್ತು. ಮೂತ್ರಪಿಂಡ ಎರಡೂ ಕೈಕೊಟ್ಟ ಮೇಲೆ ಅವನಿಗೇ ನೀರಿಗೆ ಅಳತೆ ಬಂತು. ದಿನಕ್ಕೆ ಮೂರು ಪುಟ್ಟ ಲೋಟ, ಅದರಲ್ಲೇ ಮಾತ್ರೆ, ಅದರಲ್ಲೇ ಕಾಫಿ. ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಗುಡ್ಡದಾಚೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಗಿನ ಪಾಳಿಗೆ ಸರಿಯಾದ ಸಮಯಕ್ಕೆ ಹೋಗದಿದ್ದರೆ ಯಂತ್ರವನ್ನು ಕಾಯುತ್ತಿರುವ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಆಟೋದಲ್ಲಿ ಹೋಗೋಣವೆಂದರೆ ನಮ್ಮ ಊರಿನ ಆಟೋಗಳು ಐದಾರು ಕೈ ಬದಲಾದಂಥವು. ಹೋಟೆಲಿನ ಮುಂದೆ, ಸ್ಕೂಲಿನ ಮುಂದೆ, ಯಾರದೋ ಮಾವನ ಮನೆಯ ಮುಂದೆ ನಿಲ್ಲುತ್ತಾ ಅವು ಗುಡ್ಡ ಹತ್ತುವ ಹೊತ್ತಿಗೆ ಬಿಸಿಲೇರಿರುತ್ತದೆ. ಎರಡು ಸಲ ಹಾಗೆ ಯಂತ್ರ ತಪ್ಪಿತು. ಎರಡನೆಯ ಸಲ ರಾತ್ರಿಯಿಡೀ ಅವನು ದಿಂಬಿಗೆ ಒರಗಿ ಕೂತೇ ಉಸಿರಾಡಿದ. ಬೆಳಗ್ಗೆ ನಾನು ತವರುಮನೆಯ ಬಳೆ ಮಾರಲು ಹೊರಟೆ.

ನನ್ನದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಪಠ್ಯಪುಸ್ತಕ, ಲಗ್ನಪತ್ರಿಕೆ, ಶ್ರದ್ಧಾಂಜಲಿ ಎಲ್ಲವನ್ನೂ ತಪ್ಪಿರುತ್ತದೆ ಎಂದುಕೊಂಡೇ ಓದುತ್ತೇನೆ. ಕಾರನ್ನೂ ಹಾಗೇ ಹುಡುಕಿದೆ. ಬ್ರೋಕರ್ ಇಸ್ಮಾಯಿಲ್ ಮೊದಲು ತೋರಿಸಿದ ಗಾಡಿ ನೋಡಲು ಚೆನ್ನಾಗಿತ್ತು, ಆದರೆ ಸಂಜೆಯಾದರೆ ಸಾರಾಯಿ ಅಂಗಡಿಗೆ ಹೋಗುತ್ತಿತ್ತು. ನೀವು ಹೊರಡುವುದು ಬೆಳಗ್ಗೆ, ವಾಪಸ್ಸು ಮಧ್ಯಾಹ್ನ, ನಿಮಗೇನು ತೊಂದರೆ ಎಂದು ಅವನು ವಾದಿಸಿದ. ಎರಡನೆಯದು ಬಡ್ಡಿ ವಸೂಲಿ ಮಾಡುತ್ತಿದ್ದವನ ಕಾರು. ಅದನ್ನು ಓಡಿಸಿ ನೋಡಲು ಹೋದಾಗ ನಾವು ನಿಂತ ಕಡೆಯೆಲ್ಲ ಪಟಪಟನೆ ಕಿಟಕಿಗಳು ಮುಚ್ಚಿಕೊಂಡವು. ಒಬ್ಬ ಮುದುಕಿ ಮಾತ್ರ ಹೊರಗೆ ಬಂದು ನನ್ನನ್ನು ನೋಡಿ, ಈ ಸಲ ಹೆಂಗಸನ್ನ ಕಳಿಸಿದಾರಾ ಎಂದು ಕೇಳಿದಳು.

"ಇಷ್ಟು ಕಡಿಮೆ ದುಡ್ಡಿಗೆ ದೇವರ ಗಾಡಿ ಸಿಗಲ್ಲ ಮೇಡಂ," ಎಂದ ಇಸ್ಮಾಯಿಲ್. "ಅದೂ ದಿನಾ ಅರ್ಚಕರ ಮನೆಗೆ ಹೋಗುತ್ತೆ."

ಮೂರನೆಯದು ಸರ್ವಮಂಗಳಮ್ಮನವರ ಕಾರು. ಬೂದು ಬಣ್ಣದ ಚಿಕ್ಕ ಗಾಡಿ. ಡ್ರೈವರ್ ಬದಿಯ ಕಿಟಕಿಯ ಹಿಡಿ ಮುರಿದು ಅಲ್ಲೊಂದು ಸ್ಪ್ಯಾನರ್ ಸಿಕ್ಕಿಸಿತ್ತು. ಹಿಂದಿನ ಸೀಟಿನ ಮೇಲೆ ಹತ್ತಿಯ ಹಾಸಿಗೆ ಹಾಸಿ, ಅಂಚಿಗೆ ಟೇಪು ಹೊಲಿದಿದ್ದರು. ಮಲಗಿ ಹೋಗುವವರಿಗಾಗಿಯೇ ಮಾಡಿಸಿದಂತಿತ್ತು. ಅವರ ಯಜಮಾನರು ರೇವಣ್ಣನವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಬೆಲೆ ನನ್ನ ಬಳೆಗಳಿಗಿಂತ ಕಡಿಮೆಯೇ ಇತ್ತು, ಅದೇ ನನಗೆ ಅನುಮಾನ ತಂದಿತು. ಯಾಕೆ ಇಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದೆ. ಮನೆ ಮುಂದೆ ನಿಂತಿದ್ದರೆ ನೋಡಲಾಗುವುದಿಲ್ಲ ಎಂದರು. ಮಾರುವವರು ಇಬ್ಬರು ನೆರೆಯವರ ಎದುರು ಬಾನೆಟ್ಟಿನ ಮೇಲೆ ಕೈಯಿಟ್ಟು ವಾಡಿಕೆ ಹೇಳಬೇಕು. ಹೇಳದೆ ಮುಚ್ಚಿಟ್ಟ ವಾಡಿಕೆ ಆಮೇಲೆ ಹೊರಬಿದ್ದರೆ ಗಾಡಿ ವಾಪಸ್ಸು ತೆಗೆದುಕೊಂಡು ದುಡ್ಡು ಕೊಡಬೇಕು. ಅದು ಊರಿನ ಕಟ್ಟುಪಾಡು. ಸರ್ವಮಂಗಳಮ್ಮ ಕೈಯಿಟ್ಟರು.

"ಎಲ್ಲೂ ನಿಲ್ಲಲ್ಲಮ್ಮ ಇದು," ಎಂದರು. "ನಾನು ಹೇಳಿದ ಕಡೆಗೆ ಹೋಗ್ತಿತ್ತು."

ಆ ಮಾತಿನಲ್ಲಿ ತಡವರಿಕೆಯಿರಲಿಲ್ಲ. ನಾನು ಮುಖವನ್ನೂ ನೋಡಿದೆ, ಕೈಯನ್ನೂ ನೋಡಿದೆ. ಆದರೂ ನಂಬದೆ ಒಂದು ವಾರ ಗಾಡಿ ಓಡಿಸಿ ನೋಡಲು ಕೇಳಿಕೊಂಡೆ. ಡ್ರೈವಿಂಗ್ ಶಾಲೆಯಲ್ಲಿ ಕಲಿತದ್ದು ಬಿಟ್ಟರೆ ನಾನು ಹೆಚ್ಚು ಓಡಿಸಿದವಳಲ್ಲ. ಇಸ್ಮಾಯಿಲ್ ಪಕ್ಕದಲ್ಲಿ ಕೂತು ಬ್ರೇಕು ಬ್ರೇಕು ಎನ್ನುತ್ತಿದ್ದ. ಮುಂಜಾನೆ ಹೋದೆವು, ನಡುಮಧ್ಯಾಹ್ನ ಹೋದೆವು, ಸಂತೆಯ ದಿನ ಹೋದೆವು. ಆಸ್ಪತ್ರೆಯ ದಾರಿಯನ್ನಂತೂ ದಿನವೂ ಹಿಡಿದೆವು. ಪ್ರತಿ ತಿರುವಿನಲ್ಲೂ ನಾನು ಸ್ಟೀರಿಂಗಿನಿಂದ ಬೆರಳು ಸಡಿಲಿಸಿ ಕಾದೆ. ಗಾಡಿ ಸಾಧುವಿನಂತೆ ನೇರ ಹೋಯಿತು. ಇಸ್ಮಾಯಿಲನಿಗೇ ಹೊಟ್ಟೆಯುರಿಯಿತು, ಇಂಥದ್ದು ಅಂತ ಮೊದಲೇ ಗೊತ್ತಿದ್ದರೆ ನಾನೇ ಇಟ್ಟುಕೊಳ್ಳುತ್ತಿದ್ದೆ ಎಂದ.

ಆ ವಾರವೆಲ್ಲ ಚಿದಂಬರನನ್ನು ಒಂದು ದಿನವೂ ಕಾರಿನಲ್ಲಿ ಕೂರಿಸಲಿಲ್ಲ. ಸುಮ್ಮನೆ ಅಲೆದಾಡಿಸಿ ಅವನನ್ನು ದಣಿಸುವುದೇಕೆ ಎಂದುಕೊಂಡೆ. ಡಯಾಲಿಸಿಸ್ಸಿಗೆ ಆ ವಾರವೂ ಆಟೋದಲ್ಲೇ ಹೋದೆವು. ಎಲ್ಲವನ್ನೂ ಪರೀಕ್ಷೆ ಮಾಡಿದೆ, ಯಾರಿಗಾಗಿ ಕೊಳ್ಳುತ್ತಿದ್ದೆನೋ ಅವನನ್ನು ಮಾತ್ರ ಮನೆಯಲ್ಲಿ ಬಿಟ್ಟು.

ಕಾರು ಕೊಂಡ ಮೇಲಿನ ಮೊದಲ ಮಂಗಳವಾರ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆ. ತಲೆಗೆ ದಿಂಬು, ಕಾಲಿಗೆ ಶಾಲು. ಹಾಸಿಗೆ ಅವನ ಮೈಗೆ ಸರಿಯಾಗಿ ಕೂತಿತು. ಯಾರೋ ಪುಣ್ಯಾತ್ಮರು ಮಾಡಿಸಿದ್ದಾರೆ ಎಂದು ಅವನು ಮೆಚ್ಚಿಕೊಂಡ. ಇಟ್ಟಿಗೆ ಗೂಡುಗಳನ್ನು ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಗುಡ್ಡ, ಎಡಕ್ಕೆ ಇಳಿದರೆ ನದಿ. ಕವಲಿಗೆ ಬರುತ್ತಿದ್ದಂತೆ ಸ್ಟೀರಿಂಗ್ ನನ್ನ ಕೈಯೊಳಗೇ ತಿರುಗಿತು. ಬ್ರೇಕ್ ಒತ್ತಿದೆ, ಅದು ಕೇಳಲಿಲ್ಲ. ಕಾರು ಮಣ್ಣುದಾರಿಯಲ್ಲಿ ಯಾವ ಆತುರವೂ ಇಲ್ಲದೆ ಇಳಿದು, ದಡದ ಹೊಂಗೆ ಮರದ ಕೆಳಗೆ ಹಿಂದಿನ ಕಿಟಕಿ ನೀರಿಗೆ ಎದುರಾಗುವಂತೆ ಅಡ್ಡ ತಿರುಗಿ, ನಿಂತು, ಎಂಜಿನ್ ಆರಿಸಿಕೊಂಡಿತು.

ನಾನು ಕೀಲಿ ತಿರುಗಿಸಿದೆ, ತಿರುಗಿಸುತ್ತಲೇ ಇದ್ದೆ. ಗಡಿಯಾರ ನೋಡಿದೆ. ಇಳಿದು ಬಾನೆಟ್ಟಿಗೆ ಗುದ್ದಿದೆ, ಮತ್ತೆ ಹತ್ತಿದೆ. ಕೊನೆಗೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಹಿಂದಿನಿಂದ ಚಿದಂಬರ ಅಳಬೇಡ ಎನ್ನಲಿಲ್ಲ. ಅವನು ಮೊಣಕೈ ಊರಿ ಎದ್ದು ಆಚೆ ದಡದ ಪಂಪ್‌ಹೌಸಿನ ಕಡೆಗೆ ಕಿವಿಗೊಟ್ಟಿದ್ದ.

"ಎರಡನೇ ಮೋಟಾರೇ ಓಡ್ತಾ ಇದೆ," ಎಂದ. "ಒಂದನೇದನ್ನ ಇನ್ನೂ ರಿಪೇರಿ ಮಾಡಿಸಿಲ್ಲ ನೋಡು."

ಅವನು ಹುಷಾರು ತಪ್ಪಿದ ಮೇಲೆ ನದಿಯನ್ನು ನೋಡಿದ್ದು ಅದೇ ಮೊದಲು. ಆ ಕ್ಷಣ ನನಗೆ ಅದು ತಟ್ಟಲಿಲ್ಲ. ಗಾಡಿ ತಾನಾಗಿ ಗುರುಗುಟ್ಟಿದಾಗ ಮುಕ್ಕಾಲು ಗಂಟೆಯಾಗಿತ್ತು. ಆಸ್ಪತ್ರೆಯಲ್ಲಿ ಅವನ ಯಂತ್ರದ ಪಕ್ಕ ಬೇರೊಬ್ಬರು ಮಲಗಿದ್ದರು. ಡಯಾಲಿಸಿಸ್ ವಾರ್ಡಿನ ಫಿಲೋಮಿನಾ ಸಿಸ್ಟರ್ ಗದರಲಿಲ್ಲ, ಸಂಜೆಯವರೆಗೆ ಕಾಯಲು ಹೇಳಿದರು. ಕಾಯುತ್ತಾ ಅವನ ಕಾಲು ಊದಿಕೊಂಡಿತು, ಉಸಿರು ಸಿಳ್ಳೆಯಂತಾಯಿತು. ಬೆಂಚಿನ ಮೇಲೆ ಅವನ ಬೆನ್ನು ತಿಕ್ಕುತ್ತಾ ನಾನು ಸರ್ವಮಂಗಳಮ್ಮನವರಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆದಿಟ್ಟುಕೊಂಡೆ.

ಮರುದಿನ ಕಾರನ್ನು ಅವರ ಮನೆಯ ಮುಂದೆ ನಿಲ್ಲಿಸಿದೆ. ಅವರು ಬಾಗಿಲಲ್ಲೇ ನಿಂತರು. ಕಾರಿನ ಹತ್ತಿರ ಬರಲಿಲ್ಲ. ನಾನು ಕೂರುವ ಮೊದಲೇ ಶುರುಮಾಡಿದೆ. ಬಾನೆಟ್ಟಿನ ಮೇಲೆ ಕೈಯಿಟ್ಟು ಸುಳ್ಳು ಹೇಳಿದಿರಿ, ನಿನ್ನೆ ನನ್ನ ಗಂಡನ ಜೀವ ಹೋಗುವುದರಲ್ಲಿತ್ತು, ಗಾಡಿ ವಾಪಸ್ಸು ತೆಗೆದುಕೊಳ್ಳಿ ಎಂದೆ. ಅವರು ಕೇಳಿದ್ದು ಬೇರೆ.

"ಎಲ್ಲಿ ನಿಲ್ತು?"

"ಹೊಳೆ ದಂಡೇಲಿ. ಹೊಂಗೆ ಮರದ ಕೆಳಗೆ."

"ಅವರು ಹಿಂದೆ ಮಲಗಿದ್ರಾ, ನಿಮ್ಮ ಯಜಮಾನ್ರು?"

ಹೌದೆಂದೆ. ಸರ್ವಮಂಗಳಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟರು. ಆಮೇಲೆ ಹೇಳಿದ್ದನ್ನೆಲ್ಲ ನನ್ನ ಕಡೆ ನೋಡದೆ ಕಾರಿನ ಕಡೆ ನೋಡುತ್ತಾ ಹೇಳಿದರು. ರೇವಣ್ಣನವರಿಗೂ ಅದೇ ಕಾಯಿಲೆ, ಅದೇ ಆಸ್ಪತ್ರೆ. ಕಾರು ಓಡಿಸುತ್ತಿದ್ದವರು ಇವರೇ. ಅವರಿಗೆ ಆ ಯಂತ್ರದ ಹತ್ತಿರ ಹೋಗುವುದೆಂದರೆ ಆಗದು; ಕವಲು ಬಂದ ಕೂಡಲೇ ಹಿಂದಿನಿಂದ, ಮಂಗಳಾ ಸ್ವಲ್ಪ ಹೊತ್ತು ಎನ್ನುತ್ತಿದ್ದರಂತೆ. ಇವರು ತಿರುಗಿಸುತ್ತಿದ್ದರು. ಆಮೇಲಾಮೇಲೆ ಅವರಿಗೆ ಮಾತೂ ಕಷ್ಟವಾಯಿತು, ಕೇಳುವುದನ್ನು ಬಿಟ್ಟರು, ಆದರೂ ಕಾರು ದಡಕ್ಕೆ ಹೋಗುತ್ತಿತ್ತು. ಎಷ್ಟೋ ದಿನ ಯಂತ್ರ ತಪ್ಪಿತು. ಡಾಕ್ಟರು ಬೈದರು, ಮೈದುನಂದಿರು ಬೈದರು. ಇವತ್ತು ತಿರುಗಿಸಬಾರದು ಎಂದು ಗಟ್ಟಿಮನಸ್ಸು ಮಾಡಿ ಹೊರಟ ದಿನವೂ ನೋಡಿದರೆ ಹೊಂಗೆ ಮರದ ಕೆಳಗೆ ಇರುತ್ತಿದ್ದರು.

"ನನ್ನ ಕೈಯೇ ತಿರುಗಿಸ್ತಿತ್ತು ಅಂದ್ಕೊಂಡಿದ್ದೆ ಕಣಮ್ಮ," ಎಂದರು. "ನನ್ನ ಮನಸ್ಸು ಗಟ್ಟಿಯಿಲ್ಲ, ಅದಕ್ಕೇ ಅವರು ಹೋದ್ರು ಅಂತ."

ತನ್ನ ಗಾಡಿಯ ವಾಡಿಕೆ ಒಡೆಯನಿಗೇ ಕೊನೆಯಲ್ಲಿ ತಿಳಿಯುವುದು ನಮ್ಮ ಊರಿನಲ್ಲಿ ಹೊಸತೇನಲ್ಲ. ಸ್ಟೀರಿಂಗಿನ ಮೇಲೆ ತಮ್ಮ ಕೈ ಇರುವವರೆಗೆ ಎಲ್ಲರೂ ತಾವೇ ತಿರುಗಿಸುತ್ತಿದ್ದೇವೆ ಎಂದುಕೊಳ್ಳುತ್ತಾರೆ. ನೆರೆಯವರು ನೋಡಿ ಹೇಳಬೇಕು. ಆದರೆ ಆ ದಡದಲ್ಲಿ ನೋಡುವವರು ಯಾರಿದ್ದರು? ನಾನು ಮಸೆದಿಟ್ಟುಕೊಂಡ ಮಿಕ್ಕ ಮಾತುಗಳು ಹಾಗೇ ಉಳಿದವು. ಸುಳ್ಳು ಎಂಬ ಪದ ಬಳಸಬಾರದಿತ್ತು ಎಂದು ಮಾತ್ರ ಅನ್ನಿಸಿತು. ಅಷ್ಟರಲ್ಲಿ ಅವರೇ ಎದ್ದು, ಕಟ್ಟುಪಾಡು ಕಟ್ಟುಪಾಡೇ, ದುಡ್ಡು ಆಸ್ಪತ್ರೆಯ ಬಾಕಿಗೆ ಹೋಗಿದೆ, ಹೊಲಿಗೆ ಮಿಷನ್ ಮಾರಿ ತಿಂಗಳೊಳಗೆ ಕೊಡುತ್ತೇನೆ ಎಂದರು. ಒಂದು ತಿಂಗಳು ಎಂದರೆ ನನಗೆ ಎಂಟು ಸಲದ ಯಂತ್ರ. ಬೇರೆ ಕಾರು ಸಿಗುವವರೆಗೆ ಮತ್ತೆ ಆ ಆಟೋಗಳು.

ಹಿಂದೆ ಯಾರೂ ಮಲಗದೆ, ಮುಂದೆ ಇವರ ಪಕ್ಕ ಯಾರಾದರೂ ಕೂತರೆ ಗಾಡಿ ಹೇಗೆ ಹೋಗುತ್ತಿತ್ತು ಎಂದು ಕೇಳಿದೆ. ಯಾರನ್ನು ಕೂರಿಸಿಕೊಂಡರೂ ನೇರ ಹೋಗುತ್ತಿತ್ತು ಎಂದರು. ನನಗೆ ಇಸ್ಮಾಯಿಲ್ ಜೊತೆ ಸುತ್ತಿದ ಆ ವಾರ ಅರ್ಥವಾಯಿತು. ಹಿಂದಿನ ಸೀಟಿನಲ್ಲಿ ಒಬ್ಬರು ಮಲಗಬೇಕು, ಆಗಷ್ಟೇ ಅದಕ್ಕೆ ದಾರಿ ನೆನಪಾಗುವುದು. ಗಾಡಿ ನನ್ನಲ್ಲೇ ಇರಲಿ ಎಂದು ಹೇಳಿ ಎದ್ದೆ. ಅವರು ತಂಬಿಗೆಯಲ್ಲಿ ಮಜ್ಜಿಗೆ ತಂದುಕೊಟ್ಟರು. ಕುಡಿದು ಹೊರಟೆ.

ಶುಕ್ರವಾರ ಚಿದಂಬರನನ್ನು ಮುಂದೆ ಕೂರಿಸಿದೆ. ಅವನಿಗೆ ಕೂತು ಹೋಗುವುದು ಸುಲಭವಿರಲಿಲ್ಲ. ಸೂಜಿ ಚುಚ್ಚುವ ತೋಳಿಗೆ ಬೆಲ್ಟು ತಗಲದಂತೆ ಟವೆಲ್ ಮಡಚಿ ಇಟ್ಟೆ. ಕವಲಿನಲ್ಲಿ ನಾನು ಸ್ಟೀರಿಂಗ್ ಬಿಗಿಹಿಡಿದೆ. ಗಾಡಿ ನೇರ ಹೋಯಿತು. ಯಂತ್ರ ಸಿಕ್ಕಿತು. ಸಿಸ್ಟರ್ ಭೇಷ್ ಎಂದರು. ಅಂದಿನಿಂದ ಹಾಗೇ ನಡೆಯಿತು. ಅವನ ಕಾಲಿನ ಊತ ಇಳಿಯಿತು, ರಾತ್ರಿ ಮಲಗಿ ನಿದ್ದೆ ಮಾಡುವಂತಾದ. ನಾನು ಬಳೆಗಳ ಯೋಚನೆ ಬಿಟ್ಟೆ. ಬೆಳಗ್ಗೆ ಎದ್ದು ಬ್ಯಾಗು ತುಂಬುವುದು, ಟವೆಲ್ ಮಡಚುವುದು, ಇಟ್ಟಿಗೆ ಗೂಡು ದಾಟುವುದು, ನೇರ ಹೋಗುವುದು. ಗೆರೆ ಎಳೆದಂಥ ಈ ದಿನಗಳು ನನಗೆ ಹಿತವಾಗಿದ್ದವು.

ಆದರೆ ನಾನು ಗಮನಿಸುವವಳು, ಗಮನಿಸದೆ ಇರಲಾರೆ. ಕವಲು ಬಂದಾಗಲೆಲ್ಲ ಅವನ ಕುತ್ತಿಗೆ ಎಡಕ್ಕೆ ತಿರುಗುತ್ತಿತ್ತು. ಮೊದಮೊದಲು ಪೂರ್ತಿ ತಿರುಗಿ ನೋಡುತ್ತಿದ್ದ. ಆಮೇಲೆ ಕಣ್ಣು ಮಾತ್ರ. ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಅದನ್ನೂ ಬಿಟ್ಟು ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಾ ಬರತೊಡಗಿದ. ಮನೆಯಲ್ಲಿ ನಲ್ಲಿಯಲ್ಲಿ ನೀರು ಬಂದಾಗ ಎದ್ದು ಹೋಗಿ ಬೆರಳು ಹಿಡಿದು, ಒತ್ತಡ ಸಾಲದು ಎನ್ನುತ್ತಿದ್ದವನು ಅದನ್ನೂ ನಿಲ್ಲಿಸಿದ. ವರದಿಗಳೆಲ್ಲ ಚೆನ್ನಾಗಿದ್ದವು. ವರದಿ ನೋಡಿ ಸಂತೋಷಪಡುತ್ತಿದ್ದವಳು ನಾನೊಬ್ಬಳೇ. ಹೊಳೆಗೆ ಹೋಗೋಣವೆಂದು ಅವನು ಕೇಳಲಿಲ್ಲ, ನಾನು ಆ ಮಾತು ಎತ್ತಲಿಲ್ಲ. ಎತ್ತಿದರೆ ಅವನು ಕೇಳಿಯಾನು ಎಂದು ನನಗೆ ಹೆದರಿಕೆ.

ಒಂದು ಶುಕ್ರವಾರ ನಾನು ಬೀಗ ಹಾಕಿ ಬರುವಷ್ಟರಲ್ಲಿ ಅವನು ಹಿಂದಿನ ಬಾಗಿಲು ತೆಗೆದು ಸೀಟಿನಲ್ಲಿ ಒರಗಿಕೊಂಡಿದ್ದ. ಶಾಲನ್ನು ತಾನೇ ಹೊದ್ದಿದ್ದ.

"ಮುಂದೆ ಬನ್ನಿ," ಎಂದೆ.

"ಇವತ್ತು ಇಲ್ಲೇ ಕೂರ್ತೀನಿ."

"ಲೇಟಾಗುತ್ತೆ ರೀ. ಆವತ್ತು ಮಂಗಳವಾರ ಏನಾಯ್ತು ಗೊತ್ತಿಲ್ವಾ? ಹೊಳೆಗೆ ಬರ್ತಾ ಹೋಗೋಣ. ಬರ್ತಾ ಎಷ್ಟು ಹೊತ್ತು ಬೇಕಾದ್ರೂ ನಿಲ್ಸ್ತೀನಿ."

"ಬರ್ತಾ ನನಗೆ ಕಣ್ಣು ಬಿಡೋಕಾಗುತ್ತಾ ಅಂಬುಜಾ?"

ಆಗುವುದಿಲ್ಲ. ಯಂತ್ರದಿಂದ ಇಳಿದ ಮೇಲೆ ಅವನು ಹಿಂಡಿದ ಬಟ್ಟೆಯಂತಿರುತ್ತಾನೆ; ಮನೆ ಸೇರುವವರೆಗೂ ಸೀಟಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಮಾಡುತ್ತಾನೆ. ಅವನಿಗೆ ಲೋಕ ಕಾಣುವುದು ಹೋಗುವಾಗ ಮಾತ್ರ. ಇಷ್ಟು ದಿನ ನಾನು ಅದನ್ನು ನೋಡಿಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಕಾರು ಹತ್ತಿದೆ. ಮಾತಾಡದೆ ಇದ್ದರೆ ತೀರ್ಮಾನ ಗಾಡಿಯದೇ ಆಗುತ್ತದೆ, ನನ್ನ ತಪ್ಪೇನೂ ಇರುವುದಿಲ್ಲ ಎಂಬ ಸಮಾಧಾನ ಒಳಗೆ ಇತ್ತು. ಅದು ತಿರುಗಿಸಿದರೆ ತಿರುಗಿಸಲಿ. ಇಟ್ಟಿಗೆ ಗೂಡುಗಳು ದಾಟಿದವು. ಕವಲು ಬಂತು. ನಾನು ಬೆರಳು ಸಡಿಲಿಸಿದೆ.

ಕಾರು ನೇರ ಹೋಯಿತು.

ಒಂದಿಷ್ಟೂ ಅಲುಗದೆ, ಅನುಮಾನಿಸದೆ, ಗುಡ್ಡದ ದಾರಿ ಹಿಡಿಯಿತು. ಇಷ್ಟು ತಿಂಗಳು ನಾನು ಹೋದದ್ದು ಆ ದಾರಿಯಲ್ಲೇ. ಕನ್ನಡಿಯಲ್ಲಿ ನೋಡಿದೆ. ಚಿದಂಬರ ಕಿಟಕಿಯ ಕಡೆ ಎದ್ದು ಕೂತಿದ್ದವನು ಮೆಲ್ಲಗೆ ಮತ್ತೆ ದಿಂಬಿಗೆ ಒರಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಗಾಡಿಯ ಮೇಲೆ ಯಾರು ಸಿಟ್ಟು ಮಾಡಿಕೊಳ್ಳುತ್ತಾರೆ? ಶಾಲನ್ನು ಗಲ್ಲದವರೆಗೆ ಎಳೆದುಕೊಂಡ ಅಷ್ಟೇ. ಗಡಿಯಾರದ ಪ್ರಕಾರ ನಾವು ಸರಿಯಾದ ಸಮಯಕ್ಕೆ ತಲುಪುತ್ತಿದ್ದೆವು. ಅರ್ಧ ಗುಡ್ಡ ಹತ್ತುವವರೆಗೂ ನಾನು ಆ ಗಡಿಯಾರವನ್ನೇ ನೋಡುತ್ತಾ ಹೋದೆ.

ಅಲ್ಲಿಯ ಹಿಮ್ಮುರಿ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಕಾರು ಒಪ್ಪಲಿಲ್ಲ, ಮುಂದಕ್ಕೇ ಜಗ್ಗಿತು. ಅದಕ್ಕೆ ನೇರ ಹೋಗಬೇಕಿತ್ತು, ನಾನೇ ಕಲಿಸಿದ್ದು. ಎರಡೂ ಪಾದ ಊರಿ ಒತ್ತಿದೆ, ಕೈಬ್ರೇಕ್ ಎಳೆದೆ, ಸ್ಟೀರಿಂಗನ್ನು ಮೈಯೆಲ್ಲ ಹಾಕಿ ತಿರುಗಿಸಿದೆ. ಕೆಳಗೆಲ್ಲೋ ಕಬ್ಬಿಣ ಕಿರುಗುಟ್ಟಿತು. ಆಕ್ಸಲ್ ಹೋದರೆ ಹೋಗಲಿ ಎಂದುಕೊಂಡೆ. ಹಿಂದಿನಿಂದ ಚಿದಂಬರ, "ಬಿಡೇ, ಮುರಿದೀತು," ಎಂದ. ಬಿಡಲಿಲ್ಲ. ಗಾಡಿ ಒಮ್ಮೆ ಗಡಗಡನೆ ನಡುಗಿ, ಸೋತಂತೆ ನಿಂತು, ಆಮೇಲೆ ನಾನು ಹೇಳಿದ ಕಡೆಗೆ ಮೂತಿ ತಿರುಗಿಸಿತು.

ಕವಲಿಗೆ ವಾಪಸ್ಸು ಬಂದು ಮಣ್ಣುದಾರಿಯಲ್ಲಿ ಗಾಡಿಯನ್ನು ನಾನೇ ಇಳಿಸಿದೆ. ಹೊಂಗೆ ಮರದ ಕೆಳಗೆ ಹಿಂದಿನ ಕಿಟಕಿ ನೀರಿಗೆ ಎದುರಾಗುವಂತೆ ಅಡ್ಡ ನಿಲ್ಲಿಸಲು ನನಗೆ ನಾಲ್ಕೈದು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಚಿದಂಬರ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಹೇಳುತ್ತಿದ್ದ. ಎಂಜಿನ್ ತಾನಾಗಿ ಆರಲಿಲ್ಲ. ನಾನು ಕೀಲಿ ತಿರುಗಿಸಿ ಆರಿಸಿದೆ. ಆಮೇಲೆ ಇಳಿದು ಹಿಂದೆ ಹೋಗಿ ಅವನ ಕಾಲು ಸರಿಸಿ ಪಕ್ಕದಲ್ಲಿ ಕೂತು ಆಸ್ಪತ್ರೆಗೆ ಫೋನ್ ಮಾಡಿದೆ. ಮಧ್ಯಾಹ್ನ ಜಾಗವಿಲ್ಲ ಎಂದರೆ ಏನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ. ಇವತ್ತು ಹೊತ್ತಾಗುತ್ತದೆ ಎಂದೆ.

"ಗಾಡಿ ಮತ್ತೆ ತಿರುಗಿಸ್ತಾ ಅಂಬುಜಕ್ಕಾ?" ಎಂದು ಕೇಳಿದರು ಫಿಲೋಮಿನಾ ಸಿಸ್ಟರ್.

ಹೌದೆಂದಿದ್ದರೆ ಅವರು ಅಲ್ಲಿಗೇ ಬಿಡುತ್ತಿದ್ದರು; ಇಡೀ ಊರೇ ಬಿಡುತ್ತಿತ್ತು.

"ಇಲ್ಲ ಸಿಸ್ಟರ್. ನಾನೇ ತಿರುಗಿಸಿದೆ."

ಆ ಕಡೆ ಅವರು ಪಾಳಿಯ ಪುಸ್ತಕದ ಹಾಳೆ ಮಗುಚುವ ಸದ್ದು ಕೇಳಿಸಿತು. ನಾನು ಚಿದಂಬರನ ಕೈ ಹಿಡಿದುಕೊಂಡಿದ್ದೆ, ಅವನಿಗೆ ನೋಯುವಷ್ಟು ಗಟ್ಟಿಯಾಗಿ. ಆಮೇಲೆ ಅವರು, ಒಬ್ಬರು ಮಗಳ ಮನೆಗೆ ಹೋಗಿದ್ದಾರೆ, ಎರಡು ಗಂಟೆಗೆ ಅವರ ಯಂತ್ರ ಖಾಲಿಯಿದೆ, ಬಂದುಬಿಡಿ ಎಂದರು. ಹೊಳೆಯ ಸದ್ದು ಅವರಿಗೂ ಕೇಳಿಸಿರಬೇಕು. ಅಲ್ಲಿಯವರೆಗೂ ನೀರು ಕುಡಿಸಬೇಡಿ, ಅಳತೆ ಅಳತೆಯೇ ಎಂದು ಎಚ್ಚರಿಸಿದರು.

ಫೋನಿಗೆ ಕಿವಿಗೊಟ್ಟಿದ್ದ ಚಿದಂಬರ ನನ್ನ ಭುಜ ತಟ್ಟಿದ.

"ನೋಡೋದಕ್ಕೂ ಅಳತೆ ಇದೆಯಾ ಕೇಳು."

ಕೇಳಿದೆ. ಅದಕ್ಕಿಲ್ಲ ಎಂದರು ಸಿಸ್ಟರ್.